ಮಗಳು ಇಂಗ್ಲಿಷ್ ಆನರ್ಸ್ ಓದ್ತೇನೆ ಅಂದಾಗ

ಪಿಯುಸಿ ಫಲಿತಾಂಶ ಬಂದ ವಾರ. ಮಗ್ರಿಬ್ ನಮಾಝ್ ಮುಗಿಸಿ ಕೂತಿದ್ದಾಗ ನಮ್ಮ ಜಮಾಅತಿನವರೊಬ್ಬರು ಹತ್ತಿರ ಬಂದರು. "ಉಸ್ತಾದರೇ, ನೀವೊಮ್ಮೆ ಮಗಳಿಗೆ ಬುದ್ಧಿ ಹೇಳ್ಬೇಕು. ಇಂಗ್ಲಿಷ್ ಸಾಹಿತ್ಯದಲ್ಲಿ ಆನರ್ಸ್ ಮಾಡ್ತೇನೆ ಅಂತ ಹಠ ಹಿಡಿದಿದ್ದಾಳೆ. ಇಂಗ್ಲಿಷ್ ಮಾತಾಡ್ಲಿಕ್ಕೆ ಬರ್ತದಲ್ಲ, ಮತ್ತೆ ಕತೆ, ಪದ್ಯ ಓದಿ ಎಂಥ ಸಿಗ್ತದೆ? ಬಿಕಾಂ ಆಗದಾ?" ಅಂದರು. ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಭಯವೂ ಇತ್ತು: ಆ ಪುಸ್ತಕಗಳನ್ನೆಲ್ಲ ಓದಿ ಹುಡುಗಿ ದೀನಿನಿಂದ ದೂರವಾದರೆ?

ಬುದ್ಧಿ ಹೇಳಲು ನಾವು ಹೋಗಲಿಲ್ಲ.

ಸ್ಪೋಕನ್ ಇಂಗ್ಲಿಷ್ ಬೇರೆ, ಇದು ಬೇರೆ. ದರ್ಸಿನಲ್ಲಿ ಕೂತವರಿಗೆ ಇದು ಬೇಗ ಅರ್ಥವಾದೀತು. ಕಿತಾಬಿನ ಒಂದು ಸಾಲು ಓದಿ ನಮ್ಮ ಉಸ್ತಾದರು ಅಲ್ಲೇ ಅರ್ಧ ಗಂಟೆ ನಿಲ್ಲುತ್ತಿದ್ದರು. ಈ ಪದ ಇಲ್ಲಿ ಯಾಕೆ ಬಂತು, ಹಿಂದಿನವರು ಏನು ಅರ್ಥ ಕೊಟ್ಟರು ಎಂದು ಬಿಡಿಸುತ್ತಿದ್ದರು. ಆನರ್ಸಿನಲ್ಲೂ ನಾಟಕ, ಕಾದಂಬರಿಗಳನ್ನು ಹಾಗೆಯೇ ಬಿಡಿಸಿ ಓದಬೇಕು, ಆಮೇಲೆ ಸ್ವಂತ ಮಾತಿನಲ್ಲಿ ಬರೆಯಬೇಕು. ಗೈಡ್ ಬಾಯಿಪಾಠ ಮಾಡಿ ಪಾಸಾಗುವವರೂ ಇದ್ದಾರೆ ಬಿಡಿ, ಅಂಥವರು ಮದ್ರಸದಲ್ಲೂ ಇದ್ದಾರೆ.

ಭಯದ ಮಾತಿಗೆ ಬರೋಣ. ಪಶ್ಚಿಮದವರು ಅರಬರನ್ನು, ಮುಸ್ಲಿಮರನ್ನು ತಮ್ಮ ಪುಸ್ತಕಗಳಲ್ಲಿ ಹೇಗೆ ವಿಕಾರವಾಗಿ ಚಿತ್ರಿಸಿದರು ಎಂದು 1978ರಲ್ಲಿ 'ಓರಿಯಂಟಲಿಸಂ' ಬರೆದು ತೋರಿಸಿದವರು ಎಡ್ವರ್ಡ್ ಸೈದ್. ಅವರು ಜೆರುಸಲೇಮಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಕ್ರೈಸ್ತರು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು. ಆ ಪುಸ್ತಕಗಳನ್ನು ಬಿಡಿಸಿ ಓದಿಯೇ ಅವರು ಅದನ್ನು ತೋರಿಸಿದ್ದು. ನಮ್ಮ ಬಗ್ಗೆ ಬರೆದದ್ದನ್ನು ಹೀಗೆ ಓದಬಲ್ಲವರು ನಮ್ಮ ಮನೆಗಳಲ್ಲಿ ಎಷ್ಟು ಜನ ಇದ್ದಾರೆ? ಇಂಜಿನಿಯರುಗಳಿದ್ದಾರೆ, ಅಲ್‌ಹಮ್ದುಲಿಲ್ಲಾಹ್, ಅಕೌಂಟೆಂಟುಗಳೂ ಇದ್ದಾರೆ. 2025ರಲ್ಲಿ ಬಾನು ಮುಷ್ತಾಕರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದದ್ದೂ ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೆ ತಂದ ಮೇಲೆಯೇ. ಬ್ಯಾರಿ ಕತೆಗಳನ್ನು ಹಾಗೆ ದಾಟಿಸುವವರು ಯಾರು?

ಹಾಗೆಂದು ಕಣ್ಣು ಮುಚ್ಚಿ ಸೇರಿಸುವುದೂ ಬೇಡ. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024ರಲ್ಲಿ ಸರಕಾರ ಕೈಬಿಟ್ಟಿತು. ಈಗ ಸರಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ ಮೂರು ವರ್ಷದ ಡಿಗ್ರಿ. ಆನರ್ಸೇ ಬೇಕಾದರೆ ಡೀಮ್ಡ್, ಖಾಸಗಿ ಅಥವಾ ಕೇಂದ್ರೀಯ ವಿಶ್ವವಿದ್ಯಾಲಯ ನೋಡಬೇಕು. ದೆಹಲಿ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪರೀಕ್ಷೆ ಬರೆಯಬೇಕು, ಪಿಯುಸಿ ಫಲಿತಾಂಶ ಬರಲಿ ಎಂದು ಕಾದರೆ ಅರ್ಜಿಯ ದಿನ ದಾಟಿರುತ್ತದೆ. ಖಾಸಗಿಯಲ್ಲಾದರೆ ನಾಲ್ಕೂ ವರ್ಷದ ಫೀಸು ಮೊದಲೇ ಕೇಳಿಕೊಳ್ಳಿ. ಕೆಲಸದ ದಾರಿಯೂ ಉಂಟು: ಬಿಎಡ್ ಮಾಡಿದರೆ ಹೈಸ್ಕೂಲು, ಎಂಎ ಮುಗಿಸಿ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು.

ಆ ತಂದೆ ಮೊನ್ನೆ ಮತ್ತೆ ಸಿಕ್ಕಿದರು. ಮುಖದಲ್ಲಿ ಪೂರ್ತಿ ಸಮಾಧಾನ ಇರಲಿಲ್ಲ. "ಹಾಸ್ಟೆಲಿಗೆ ಎಷ್ಟಾಗ್ತದೆ ಅಂತ ವಿಚಾರಿಸ್ತಾ ಇದ್ದೇನೆ ಉಸ್ತಾದರೇ" ಅಂದರು.