ಯುಎಇ: ಸಣ್ಣ ಉದ್ದಿಮೆಗೆ ಒಬ್ಬ ನೌಕರನ ನಿಜವಾದ ಬೆಲೆ

ದುಬೈ, ಶಾರ್ಜಾಗಳಲ್ಲಿ ಕನ್ನಡಿಗರು ನಡೆಸುವ ಹೋಟೆಲ್, ಗ್ಯಾರೇಜ್, ಕಾರ್ಗೋ ಕಚೇರಿ, ದಿನಸಿ ಅಂಗಡಿಗಳಿಗೆ ಬಹುಕಾಲದಿಂದ ಒಂದೇ ರೂಢಿ. ಆಳು ಬೇಕೆಂದರೆ ಊರಿಗೆ ಫೋನ್ ಹೋಗುತ್ತದೆ. ಉಡುಪಿಯಿಂದಲೋ ಮಂಗಳೂರಿನಿಂದಲೋ ಪರಿಚಯದ ಹುಡುಗ ವಿಸಿಟ್ ವೀಸಾದಲ್ಲಿ ಬಂದಿಳಿಯುತ್ತಾನೆ. 'ಎರಡು ತಿಂಗಳು ಕೆಲಸ ನೋಡೋಣ, ಆಮೇಲೆ ವೀಸಾ ಮಾಡಿಸೋಣ' ಎನ್ನುವುದು ಮಾಲೀಕರ ಲೆಕ್ಕಾಚಾರ. ಆ ಲೆಕ್ಕ ಈಗ ಅಂಗಡಿಯನ್ನೇ ಮುಚ್ಚಿಸುವಷ್ಟು ದುಬಾರಿಯಾಗಿದೆ.

2024ರಲ್ಲಿ ಯುಎಇ ತನ್ನ ಕಾರ್ಮಿಕ ಕಾನೂನಿಗೆ ತಿದ್ದುಪಡಿ ತಂದಿತು. ವರ್ಕ್ ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡರೆ, ಅಥವಾ ಕರೆಸಿಕೊಂಡು ಕೆಲಸ ಕೊಡದೆ ಬಿಟ್ಟರೆ, ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಂ. ಹತ್ತು ಜನರ ಹೋಟೆಲ್‌ಗೆ ಇದು ಹಲವು ವರ್ಷಗಳ ಲಾಭ. 'ಸುಮ್ಮನೆ ಟ್ರಯಲ್‌ಗೆ ನಿಲ್ಲಿಸಿದ್ದೆ' ಎಂಬ ಸಮಜಾಯಿಷಿಯನ್ನು ನಂಬಿ ಕೂರುವಂತಿಲ್ಲ.

ಹಾಗಾದರೆ ಜನರನ್ನು ಪರೀಕ್ಷಿಸುವುದು ಹೇಗೆ? ಕಾನೂನೇ ಆರು ತಿಂಗಳವರೆಗೆ ಪ್ರೊಬೇಷನ್ ಕೊಟ್ಟಿದೆ. ಈ ಅವಧಿಯಲ್ಲಿ 14 ದಿನಗಳ ಲಿಖಿತ ನೋಟಿಸ್ ಕೊಟ್ಟು ಕೆಲಸದಿಂದ ಬಿಡಿಸಬಹುದು. ನೌಕರನೇ ಯುಎಇಯ ಇನ್ನೊಂದು ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು; ನೇಮಕಾತಿಗೆ ತಗುಲಿದ ಖರ್ಚನ್ನು, ಬೇರೆ ಒಪ್ಪಂದ ಇಲ್ಲದಿದ್ದರೆ, ಹೊಸ ಮಾಲೀಕ ಹಳೆಯವನಿಗೆ ತುಂಬಿಕೊಡಬೇಕು. ಆದರೆ ವೀಸಾ ಖರ್ಚನ್ನು ನೌಕರನ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ನೇಮಕಾತಿ ವೆಚ್ಚ ಪೂರ್ತಿ ಮಾಲೀಕನದೇ.

ಮುಂದಿನದು ಸಂಬಳದ ಲೆಕ್ಕ. ತಿಂಗಳಿಗೆ 4,000 ದಿರ್ಹಂ, ಅದರಲ್ಲಿ ಮೂಲ ವೇತನ 2,400 ಎಂದುಕೊಳ್ಳಿ. ವರ್ಷಕ್ಕೆ 48,000. ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ ಮೂಲ ವೇತನದಂತೆ ಗ್ರ್ಯಾಚುಟಿ 1,680. ಒಟ್ಟು 49,680. ಒಂದು ತಿಂಗಳು ಸಂಬಳ ಸಹಿತ ರಜೆ ಇರುವುದರಿಂದ ದುಡಿಮೆ ಸಿಗುವುದು 11 ತಿಂಗಳು. ಅಂದರೆ 4,000ದ ನೌಕರನ ಒಂದು ತಿಂಗಳ ದುಡಿಮೆಗೆ 4,500ಕ್ಕೂ ಹೆಚ್ಚು ಬೀಳುತ್ತದೆ. ವೀಸಾ, ಆರೋಗ್ಯ ವಿಮೆ, ವಸತಿ ಇದ್ದರೆ ಅದು ಬೇರೆ. ಇಷ್ಟನ್ನು ತಿಳಿದ ಮೇಲೆ, ಸರಿಯಾದ ಒಬ್ಬನಿಗೆ 500 ದಿರ್ಹಂ ಹೆಚ್ಚು ಕೊಡುವುದು, ವರ್ಷಕ್ಕೆ ಇಬ್ಬರನ್ನು ಬದಲಿಸುವುದಕ್ಕಿಂತ ಅಗ್ಗವೆಂದು ಅನೇಕ ಕಡೆ ಕಾಣುತ್ತದೆ.

ಬೆಳೆಯುತ್ತಿರುವ ಸಂಸ್ಥೆಗಳಿಗೆ ಇನ್ನೊಂದು ಗೆರೆಯಿದೆ: 20ನೇ ನೌಕರ. ನಿಗದಿತ 14 ಕ್ಷೇತ್ರಗಳಲ್ಲಿ 20ರಿಂದ 49 ನೌಕರರಿರುವ, ಸಚಿವಾಲಯ ಗುರುತಿಸಿದ ಸಂಸ್ಥೆಗಳು 2024ರಲ್ಲಿ ಒಬ್ಬ, 2025ರಲ್ಲಿ ಮತ್ತೊಬ್ಬ ಎಮಿರಾಟಿ ಪ್ರಜೆಯನ್ನು ನೇಮಿಸಬೇಕಿತ್ತು. ತಪ್ಪಿದರೆ ಕ್ರಮವಾಗಿ 96,000 ಮತ್ತು 1,08,000 ದಿರ್ಹಂ. ಹೋಟೆಲ್, ಸಾರಿಗೆ, ನಿರ್ಮಾಣ, ವ್ಯಾಪಾರ ಎಲ್ಲವೂ ಆ ಪಟ್ಟಿಯಲ್ಲಿವೆ. ಹೆಸರಿಗಷ್ಟೇ ನೇಮಿಸಿ ಕೈತೊಳೆದುಕೊಂಡರೆ ಅದಕ್ಕೂ ದಂಡವಿದೆ. ಸಾಮಾನ್ಯ ಹುದ್ದೆಯೆಂದು ಹತ್ತೊಂಬತ್ತರಿಂದ ಇಪ್ಪತ್ತಕ್ಕೆ ಹೋಗುವ ಮೊದಲು ಲೆಕ್ಕಿಗರನ್ನು ಒಮ್ಮೆ ಕೇಳುವುದು ಒಳಿತು.

ಊರಿನವರನ್ನು ತೆಗೆದುಕೊಳ್ಳುವುದೇ ತಪ್ಪು ಎಂದಲ್ಲ. ಗಲ್ಲಾಪೆಟ್ಟಿಗೆಯಲ್ಲಿ ನಂಬಿಕೆಗೆ ಬೆಲೆಯಿದೆ. ಆದರೆ ಭಾವನ ಶಿಫಾರಸಿನಿಂದ ಬಂದವನನ್ನು ತಿದ್ದುವುದೂ ಕಷ್ಟ, ಬಿಡಿಸುವುದೂ ಕಷ್ಟ. ಆದ್ದರಿಂದ ಕೆಲಸವನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಲೆಕ್ಕಪತ್ರಕ್ಕೆ ಬರುವವರಿಗೆ ಸಂದರ್ಶನದಲ್ಲೇ ಹತ್ತು ಮಾದರಿ ಬಿಲ್ ಕೊಟ್ಟು ವ್ಯಾಟ್ ಬಿಡಿಸಲು ಹೇಳಿ. ಹಿಂದಿನ ಮಾಲೀಕರೊಂದಿಗೆ ಐದು ನಿಮಿಷ ಮಾತನಾಡಿ.

ಊರಿನಲ್ಲಿ ಕೆಲಸ ಹುಡುಕುತ್ತಿರುವ ಯುವಕರಿಗೂ ಇದೇ ಮಾತು: ಸಚಿವಾಲಯದ ಆಫರ್ ಲೆಟರ್ ಓದದೆ, ವರ್ಕ್ ಪರ್ಮಿಟ್ ಖಾತ್ರಿಯಾಗದೆ ವಿಮಾನ ಹತ್ತಬೇಡಿ. ದಂಡ ಮಾಲೀಕನದಾದರೂ, ಮನೆಯವರು ಮಾಡಿದ ಸಾಲ ನಿಮ್ಮದೇ.