ಡಿಸ್ಕ್‌ನ ಹೆಸರು ನಂಬಿ ಕೆಟ್ಟೆ

ಕಳೆದ ಸೆಮಿಸ್ಟರ್‌ನಲ್ಲಿ ‘ವೈ’ ಎಂಬ ಒಂದೇ ಕೀ ಒತ್ತಿ, ನಾವು ನಾಲ್ವರು ಮೂರು ವಾರ ಕೂತು ಲೇಬಲ್ ಮಾಡಿದ್ದ ಅಡಿಕೆ ಎಲೆಚುಕ್ಕಿ ರೋಗದ ಚಿತ್ರಗಳನ್ನೆಲ್ಲ ಅಳಿಸಿಹಾಕಿದೆ.

ಲಿನಕ್ಸ್ ವರ್ಚುವಲ್ ಮಷೀನ್‌ಗೆ ಮೂರನೇ ಡಿಸ್ಕ್ ಸೇರಿಸಿ ರೀಸ್ಟಾರ್ಟ್ ಮಾಡಿದ್ದೆ. ಹೊಸದು ‘ಎಸ್‌ಡಿಸಿ’ ಆಗಿರುತ್ತದೆಂದು ನನ್ನ ಲೆಕ್ಕ. ಫಾರ್ಮ್ಯಾಟ್ ಕಮಾಂಡ್ ಕೊಟ್ಟೆ. ಇದರಲ್ಲಿ ಈಗಾಗಲೇ ಫೈಲ್ ಸಿಸ್ಟಂ ಇದೆ, ಮುಂದುವರಿಯಲೇ ಎಂದು ಅದು ಕೇಳಿತು. ಓದದೆ ಒತ್ತಿದೆ. ಹಳೆಯ ಡಿಸ್ಕೇ ಎಸ್‌ಡಿಸಿ ಆಗಿ ಕೂತಿತ್ತು. ಅದನ್ನಿನ್ನೂ ಮೌಂಟ್ ಮಾಡಿರಲಿಲ್ಲವಾದ್ದರಿಂದ ಕಮಾಂಡ್ ತಡೆಯಲೂ ಇಲ್ಲ.

ತಪ್ಪು ನನ್ನದೇ. ಆದರೆ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಅಚ್ಚಾದ ಹೆಸರನ್ನೇ ಬಾಯಿಪಾಠ ಮಾಡುವ ನಮ್ಮ ಕಲಿಕೆಯದ್ದೂ ಇದರಲ್ಲಿ ಪಾಲಿದೆ.

ಎಸ್‌ಡಿಎ, ಎಸ್‌ಡಿಬಿ ಎಂಬುವು ಡಿಸ್ಕ್‌ನ ಕಾಯಂ ಹೆಸರಲ್ಲ, ಕರ್ನಲ್ ಅದನ್ನು ಗುರುತಿಸಿದ ಸರದಿ. ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ಇಂದು ಎರಡನೆಯವನು ನಾಳೆ ಮೂರನೆಯವನಾಗಬಹುದಲ್ಲ, ಹಾಗೆ. ಡಿಸ್ಕ್ ಅನ್ನು ವರ್ಟ್‌ಐಒಗೆ ಬದಲಿಸಿದರಂತೂ ಎಸ್‌ಡಿಎ ಹೋಗಿ ‘ವಿಡಿಎ’ ಬರುತ್ತದೆ. ಎಫ್‌ಸ್ಟ್ಯಾಬ್ ಫೈಲಿನಲ್ಲಿ ಹಳೆಯ ಹೆಸರೇ ಉಳಿದರೆ ಮಷೀನ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡಬಹುದು. ನಾವೋ, ಲಿನಕ್ಸ್ ಕೆಟ್ಟಿತೆಂದು ಮತ್ತೆ ಇನ್‌ಸ್ಟಾಲ್ ಮಾಡಲು ಕೂರುತ್ತೇವೆ!

ನಂಬಬೇಕಾದ್ದು ಯುಯುಐಡಿಯನ್ನು. ಫೈಲ್ ಸಿಸ್ಟಂ ರಚಿಸುವಾಗಲೇ ಅದರೊಳಗೆ ಬರೆಯುವ 128 ಬಿಟ್‌ಗಳ ಈ ಗುರುತು ನಮ್ಮ ಯುಎಸ್‌ಎನ್ ಇದ್ದಂತೆ. ಬೆಂಚು ಬದಲಾದರೂ ಅದು ಬದಲಾಗದು. ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್ ಡಿಸ್ಕ್‌ನ ಗಾತ್ರ ತೋರಿಸುತ್ತದೆ, ಜೊತೆಗೆ ‘ಹೈಫನ್ ಎಫ್’ ಕೊಟ್ಟರೆ ಯುಯುಐಡಿ. ಹೊಸ ಡಿಸ್ಕ್‌ನ ಎದುರು ಆ ಜಾಗ ಖಾಲಿ ಇರುತ್ತದೆ. ಅಂದು ಇಷ್ಟು ನೋಡಿದ್ದರೆ ಸಾಕಿತ್ತು. ಎಫ್‌ಸ್ಟ್ಯಾಬ್‌ನಲ್ಲೂ ಯುಯುಐಡಿಯನ್ನೇ ಬರೆಯಿರಿ. ಹೆಚ್ಚುವರಿ ಡಿಸ್ಕ್‌ಗೆ ‘ನೋಫೇಲ್’ ಸೇರಿಸಿದರೆ ಅದು ಸಿಗದಿದ್ದರೂ ಮಷೀನ್ ಬೂಟ್ ಆಗುತ್ತದೆ. ಒಂದು ಎಚ್ಚರಿಕೆ: ಡಿಸ್ಕ್ ಕ್ಲೋನ್ ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ.

ನಮ್ಮ ಲ್ಯಾಬ್‌ಗಳಲ್ಲಿ ಎಲ್ಲವೂ ಸರಿಯಿರುವ ಮಷೀನ್ ಕೊಟ್ಟು ಕಮಾಂಡ್ ಬರೆಸುತ್ತಾರೆ. ಅದರ ಬದಲು ಡಿಸ್ಕ್‌ಗಳ ಸರದಿ ತಪ್ಪಿಸಿ, ಬೂಟ್ ಆಗದ ಮಷೀನ್ ಒಂದನ್ನು ಕೊಡಲಿ. ವೈವಾದಲ್ಲಿ ‘ಕಮಾಂಡ್ ಯಾವುದು’ ಎನ್ನುವ ಮೊದಲು ‘ಇದೇ ಡಿಸ್ಕ್ ಎಂದು ಹೇಗೆ ಖಚಿತಪಡಿಸಿಕೊಂಡೆ’ ಎಂದು ಕೇಳಲಿ. ನಾಳೆ ಕೆಲಸಕ್ಕೆ ಸೇರಿದಾಗ ನಮ್ಮೆದುರಿನ ಡಿಸ್ಕ್‌ನಲ್ಲಿ ಮಿನಿ ಪ್ರಾಜೆಕ್ಟ್ ಇರುವುದಿಲ್ಲ, ಯಾರದೋ ಸಂಬಳದ ಲೆಕ್ಕವೋ ರೋಗಿಯ ದಾಖಲೆಯೋ ಇರುತ್ತದೆ.

ಮೂಲ ಫೋಟೊಗಳು ಫೋನ್‌ಗಳಲ್ಲಿ ಉಳಿದಿದ್ದವು. ಲೇಬಲ್ ಕೆಲಸವನ್ನು ಗೆಳೆಯರು ಬೈಯುತ್ತಲೇ ಮತ್ತೆ ಮಾಡಿದರು. ಈಗ ‘ವೈ’ ಒತ್ತುವ ಮೊದಲು ಪರದೆಯ ಮೇಲಿರುವುದನ್ನು ಎರಡು ಸಲ ಓದುತ್ತೇನೆ.