ಸೂರ್ಯಕಾಂತಿ ಯಾವ ಕಳೆನಾಶಕವನ್ನು ತಾಳುತ್ತದೆಂದು ನಮ್ಮ ಮಣ್ಣಿನಲ್ಲೇ ಪರೀಕ್ಷಿಸುವಂತೆ ಕೋರಿ ಮನವಿ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ತಿರುಪ್ಪೂರು ಜಿಲ್ಲೆ
ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಕೊಯಮತ್ತೂರು ಜಿಲ್ಲೆ
ಇವರಿಂದ: ಉಡುಮಲೈ, ಗುಡಿಮಂಗಲಂ, ಪೊಳ್ಳಾಚಿ ಭಾಗದ ಕನ್ನಡ ಮನೆಮಾತಿನ ಸೂರ್ಯಕಾಂತಿ ಬೆಳೆಗಾರರು

ಮಾನ್ಯರೇ,

ಸಂವಿಧಾನದ 350ನೇ ವಿಧಿಯಂತೆ ಈ ಮನವಿಯನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇವೆ. ತಮಿಳು ಅನುವಾದ ಜೊತೆಗಿದೆ. ಇದೇ ಅಹವಾಲನ್ನು ರೈತರ ಕುಂದುಕೊರತೆ ಸಭೆಗಳಲ್ಲಿ ಹಿಂದೆಯೂ ಹೇಳಿಕೊಂಡಿದ್ದೇವೆ. ಸ್ವೀಕೃತಿ ಚೀಟಿಗಳು ನಮ್ಮಲ್ಲಿವೆ, ಒಂದಕ್ಕೂ ಲಿಖಿತ ಉತ್ತರ ಬಂದಿಲ್ಲ.

ಪರಂಬಿಕುಳಂ–ಆಳಿಯಾರ್ ನೀರು ನಮಗೆ ಸರದಿಯ ಮೇಲೆ ಬರುತ್ತದೆ. ನೀರಿದ್ದಾಗ ಮೆಕ್ಕೆಜೋಳ, ಅದಕ್ಕೆ ಅಟ್ರಜಿನ್ ಕಳೆನಾಶಕ, ಆಮೇಲೆ ಸೂರ್ಯಕಾಂತಿ. ನಮ್ಮ ಎರೆಮಣ್ಣು ಕ್ಷಾರದ್ದು. ಅದು ಒಣಗಿ ಬಿರಿದರೆ ಅಟ್ರಜಿನ್ ಬೇಗ ಕಳೆಯುವುದಿಲ್ಲ. ಹೋದ ಹಂಗಾಮಿನಲ್ಲಿ ಮೊಳೆತ ಸೂರ್ಯಕಾಂತಿ ಪೈರಿನ ಕೆಳ ಎಲೆಗಳ ಅಂಚು ಹಳದಿಯಾಗಿ, ಸುಟ್ಟು, ಸಾಲಿಗೆ ಸಾಲೇ ಹೋಯಿತು. ಔಷಧ ಮಾರಿದವರು ಬೀಜದ ದೋಷವೆಂದರು, ಬೀಜ ಮಾರಿದವರು ಔಷಧದ ದೋಷವೆಂದರು, ನೋಡಲು ಬಂದವರು ನೀರಿನ ಕೊರತೆ ಎಂದು ಬರೆದುಕೊಂಡು ಹೋದರು. ಬದುವಿನ ಆಚೆ, ಅಟ್ರಜಿನ್ ಬೀಳದ ಹೊಲದಲ್ಲಿ, ಅದೇ ಬೀಜ ಅದೇ ನೀರಿನಲ್ಲಿ ಆಳೆತ್ತರ ಬೆಳೆದಿತ್ತು. ಹಾಗಿರುವಾಗ ನೀರಿನ ಕೊರತೆಯ ಮಾತು ಎಲ್ಲಿಂದ ಬಂತು? ಎರಡೂ ಹೊಲಗಳ ಫೋಟೊ, ಜಮೀನಿನ ಚಿಟ್ಟಾ, ಅಡಂಗಲ್ ದಾಖಲೆ, ಬೀಜ ಮತ್ತು ಔಷಧದ ಬಿಲ್ಲು, ಬ್ಯಾಚ್ ಸಂಖ್ಯೆ ಕಾಣುವ ಡಬ್ಬಿಗಳ ಚಿತ್ರ ಲಗತ್ತಿಸಿದ್ದೇವೆ. 1968ರ ಕೀಟನಾಶಕ ಕಾಯ್ದೆಯಡಿ ಮಾದರಿ ತೆಗೆಯಬೇಕಾದವರು ಆ ಡಬ್ಬಿಗಳನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ.

ಔಷಧ ಬಿಟ್ಟು ಕೈಯಿಂದ ಕಳೆ ಕೀಳಿಸೋಣವೆಂದರೆ ಆಳುಗಳೆಲ್ಲ ಬನಿಯನ್ ಕಂಪೆನಿಗೆ ಹೋಗುತ್ತಾರೆ. ಬಿತ್ತಿದೊಡನೆ ಹೊಡೆಯುವ ಪೆಂಡಿಮೆಥಾಲಿನ್ ಗೊತ್ತು. ಹುಲ್ಲುಕಳೆಗೆ ಕ್ವಿಜಾಲೊಫಾಪ್ ಗೊತ್ತು. ಆದರೆ ಪಾರ್ಥೇನಿಯಂ ಸೂರ್ಯಕಾಂತಿಯ ಕುಟುಂಬದ್ದೇ ಗಿಡ. ಮೊಳೆತ ಮೇಲೆ ಅದನ್ನು ಕೊಂದು ಪೈರನ್ನು ಉಳಿಸುವ ಔಷಧ ಯಾವುದೆಂದು ಹೇಳುವವರಿಲ್ಲ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ.

ಕಳೆ ನಿರ್ವಹಣೆಯ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ ಇದೆ. ಅವರ ಮೂಲಕ ಉಡುಮಲೈನ ಎರೆಯಲ್ಲೂ ಪಲ್ಲಡಂನ ಕೆಂಪುಮಣ್ಣಿನಲ್ಲೂ ರೈತರ ಹೊಲದಲ್ಲೇ ಪರೀಕ್ಷಾ ತಾಕು ಹಾಕಿಸಬೇಕು. ಕೋ-2 ಸೂರ್ಯಕಾಂತಿ ತಳಿಯ ಜೊತೆಗೆ ಅಂಗಡಿಯಲ್ಲಿ ಮಾರುವ ಖಾಸಗಿ ಹೈಬ್ರಿಡ್‌ಗಳನ್ನೂ ಬಿತ್ತಬೇಕು. ಪ್ರತಿ ಕಳೆನಾಶಕದ ಶಿಫಾರಸಿನ ಪ್ರಮಾಣವನ್ನೂ ಅದರ ಇಮ್ಮಡಿಯನ್ನೂ ಸಿಂಪಡಿಸಿ, ಕೈಯಿಂದ ಕಳೆ ಕಿತ್ತ ತಾಕಿನೊಡನೆ ಹೋಲಿಸಬೇಕು. ಎಲೆ ಚೇತರಿಸಿಕೊಂಡಿತೆಂದು ಮೂರು ವಾರಕ್ಕೇ ಪರೀಕ್ಷೆ ಮುಗಿಸಬಾರದು. ಕಾಳಿನ ತೂಕ, ಎಣ್ಣೆಯ ಅಂಶದವರೆಗೂ ಅಳೆಯಬೇಕು. ಅಟ್ರಜಿನ್ ಹೊಡೆದ ಹೊಲಕ್ಕೆ ಎಷ್ಟು ತಿಂಗಳ ಮೇಲೆ ಸೂರ್ಯಕಾಂತಿ ಬಿತ್ತಬಹುದೆಂಬುದನ್ನು ಪ್ರತಿ ಔಷಧದಂಗಡಿಯ ಮುಂದೆ ಬರೆಸಬೇಕು. ಸುಟ್ಟ ಹೊಲಗಳ ಮಣ್ಣನ್ನು ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿ ಪರಿಹಾರ ಕೊಡಬೇಕು. ಚಿಟ್ಟಾ ಇನ್ನೂ ತಂದೆಯ ಹೆಸರಿನಲ್ಲಿರುವ ಬೆಳೆಗಾರರನ್ನು ಪರಿಹಾರದಿಂದ ಬಿಡಬಾರದು.

ತಾಕಿಗೆ ಪೆದಪ್ಪಂಪಟ್ಟಿ ಕಡೆಯ ನಮ್ಮಲ್ಲಿನ ಇಬ್ಬರು ಬೆಳೆಗಾರರು ಹೊಲ ಕೊಡಲು ಒಪ್ಪಿದ್ದಾರೆ. ವಿಜ್ಞಾನಿಗಳ ವಾಹನ ಹೋಗಲು ಅಲ್ಲಿನ ಬಂಡಿದಾರಿಗೆ ಜಲ್ಲಿ ಹಾಕಿಸಬೇಕು.



ಆಡಿ ತಿಂಗಳ ಬಿತ್ತನೆಗೆ ಮೊದಲು ಲಿಖಿತ ಉತ್ತರ ಕೊಡಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಬೆಳೆಗಾರರು